ಗ್ಯಾರೇಜಿನ ಮೂರು ದಿನ

ಅಮೆರಿಕದ ಗ್ಲೆಂಡೇಲಿಗೆ ಬಂದ ಮೇಲೂ ತಿಂಗಳಿಗೆ ಮೂರು ದಿನ ಹೊರಗೆ ಕೂರುವುದು ಉಂಟೇ ಎಂದು ಹುಬ್ಬೇರಿಸಬೇಡಿ. ಉಡುಪಿಯಿಂದ ಅತ್ತೆ ಬಂದಿಳಿದರೆ ಎಲ್ಲವೂ ಉಂಟು. ತೊಂಬತ್ತಾರರ ಜನವರಿಯಲ್ಲಿ ಅತ್ತೆ ಬಂದ ವಾರವೇ ಉಮಾನಾಥ ತನ್ನ ಹೆಂಡತಿ ನಿರುಪಮಾಳಿಗೆ ಗ್ಯಾರೇಜಿನಲ್ಲಿ ಚಾಪೆ ಹಾಸಿ, ಒಂದು ಮೇಜು ಇಟ್ಟುಕೊಟ್ಟ. ಅಮ್ಮನೆದುರು ಬಾಯಿ ಬಿಡುವ ಪೈಕಿ ಅಲ್ಲ ಅವನು.

ನಿರುಪಮಾ ಸಿಟ್ಟಿನಿಂದ ಅತ್ತಳು. ಪೊಮೊನಾದ ಯೂನಿವರ್ಸಿಟಿಯಲ್ಲಿ ಅವಳು ಎಂ.ಎ. ಪ್ರಬಂಧ ಬರೆಯುತ್ತಿದ್ದುದೇ ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಗಳಲ್ಲಿ ಬರುವ ಮನೆಗಳ ಮೇಲೆ. ಅಲ್ಲಿ ಗಂಡಸಿಗೊಂದು ಓದುವ ಕೋಣೆ ಉಂಟು. ಹೆಂಗಸಿಗೆ ಇಡೀ ಮನೆ, ಆದರೆ ಹಾಕಿಕೊಳ್ಳಲು ಒಂದು ಬಾಗಿಲಿಲ್ಲ. ಮನೆಯೊಡತಿ ಅನ್ನಿಸಿಕೊಂಡು ಅವಳು ತನ್ನ ಹೆಸರನ್ನೇ ಕಳೆದುಕೊಳ್ಳುತ್ತಾಳೆ ಎಂದು ಬರೆದವಳನ್ನು ಗ್ಯಾರೇಜಿಗೆ ಅಟ್ಟಿದರೆ ಹೇಗಾಗಬೇಡ!

ಆದರೆ ಮುಂದಿನ ತಿಂಗಳಿಗೆ ಅವಳಿಗೆ ಗೊತ್ತಾಯಿತು, ಆ ಮೂರು ದಿನ ಅವಳನ್ನು ಯಾರೂ ಕರೆಯುವುದಿಲ್ಲ. ಅಡುಗೆಯಿಲ್ಲ, ಗಂಡನ ಆಫೀಸಿನವರಿಗೆ ಕಾಫಿಯಿಲ್ಲ, ಊಟ ಬಾಗಿಲಿಗೇ ಬರುತ್ತದೆ. ಇಂಗ್ಲಿಷ್ ಪುಸ್ತಕಕ್ಕೆ ಮೈಲಿಗೆಯಿಲ್ಲವೆಂದು ಅತ್ತೆಯೇ ತೀರ್ಪು ಕೊಟ್ಟಿದ್ದರು. ಎರಡು ಅಧ್ಯಾಯ ಗ್ಯಾರೇಜಿನಲ್ಲೇ ಮುಗಿದವು. ಹೊರಗಾಗುವ ದಿನವನ್ನು ತಾನೇ ಕಾಯುತ್ತಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯೂ ಆಗುತ್ತಿತ್ತು.

ಕೊನೆಯ ಅಧ್ಯಾಯವನ್ನು ಜೂನ್ ಒಳಗೆ ಕೊಡದಿದ್ದರೆ ಡಿಗ್ರಿ ಇಲ್ಲವೆಂದು ಪ್ರೊಫೆಸರ್ ಖಡಾಖಂಡಿತವಾಗಿ ಹೇಳಿದರು. ಅದೇ ಹೊತ್ತಿಗೆ ಅವಳ ಮುಟ್ಟು ನಿಂತಿತು. ಮಗು ಬೇಡವೆಂದಲ್ಲ, ಬೇಕಿತ್ತು. ಆದರೆ ವಿಷಯ ತಿಳಿದರೆ ಅತ್ತೆ ಅವಳನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡುವವರಲ್ಲ. ಅದಕ್ಕೇ ಹೊರಗಾದೆನೆಂದು ಸುಳ್ಳು ಹೇಳಿ ಗ್ಯಾರೇಜು ಸೇರಿದಳು.

ಮರುದಿನ ಬೆಳಿಗ್ಗೆ ಅತ್ತೆ ಇಡ್ಲಿ ತಂದಾಗ ಅವಳು ಬಕೆಟ್ಟಿಗೆ ಬಗ್ಗಿ ವಾಂತಿ ಮಾಡುತ್ತಿದ್ದಳು. ನಾಲ್ಕು ಹೆತ್ತವರಿಗೆ ಬಿಡಿಸಿ ಹೇಳಬೇಕೇ? ತಟ್ಟೆ ಕೆಳಗಿಟ್ಟು ಅವಳನ್ನು ತಬ್ಬಿಕೊಂಡರು. ಬಸುರಿಯನ್ನು ಸಿಮೆಂಟು ನೆಲದ ಮೇಲೆ ಮಲಗಿಸಿದೆನಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಸುಳ್ಳು ಯಾಕೆಂದು ಕೇಳಲೂ ಇಲ್ಲ.

"ಅತ್ತೆ, ಇನ್ನು ಸ್ವಲ್ಪ ದಿನ ನನ್ನನ್ನು ಮೈಲಿಗೆ ಅಂತಲೇ ಇಟ್ಕೊಳ್ಳಿ," ಎಂದಳು ನಿರುಪಮಾ. ಹೇಳುತ್ತಲೇ ಅಳು ಬಂತು.

"ಬಸುರಿಯರು ಮಾವಿನಕಾಯಿ ಕೇಳ್ತಾರೆ ಮಾರಾಯ್ತಿ. ನಿನ್ನದು ಇದೆಂಥ ಬಯಕೆ?"

ಅತ್ತೆ ನಗುತ್ತ ಅವಳ ಕಣ್ಣೊರೆಸಿದರು. ಆ ಕೈಯಲ್ಲಿ ನಿಜವಾದ ಪ್ರೀತಿಯಿತ್ತು. ಬೈದಿದ್ದರೆ ತಿರುಗಿ ಜಗಳವಾಡಬಹುದಿತ್ತು, ಪ್ರೀತಿಯೊಂದಿಗೆ ಜಗಳವಾಡುವುದು ಹೇಗೆ? ಕೈ ಹಿಡಿದು ಅವಳನ್ನು ಒಳಗೆ ಕರೆದುಕೊಂಡು ಹೋದರು, ಸೋಫಾದಲ್ಲಿ ಕೂರಿಸಿ ಕಾಲಿಗೆ ದಿಂಬು ಕೊಟ್ಟರು. ಆಮೇಲೆ ಉಡುಪಿಗೆ ಫೋನ್ ಮಾಡಿ, ಸೊಸೆ ಸಂತೋಷ ತಡೆಯಲಾರದೆ ಅಳುತ್ತಿದ್ದಾಳೆ ಎಂದರು.