ಹಿಂದಿನ ಬೆಂಚಿಗೆ ಏನು?

ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿನಲ್ಲಿ ನಮಗೆ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಮಾಸ್ತರರು ಪಾಠವನ್ನೆಲ್ಲ ತೆಲುಗಿನಲ್ಲೇ ಮಾಡುತ್ತಿದ್ದರು. ನಾನು ಕಲಬುರಗಿ ಕಡೆಯವನೆಂದು ನನ್ನೊಡನೆ ಮಾತ್ರ ಕನ್ನಡ. ಒಬ್ಬ ಚಿಂತಕ ಬಲಿಷ್ಠ ದೊರೆ ಬೇಕೆನ್ನಲಿ, ಇನ್ನೊಬ್ಬ ಜನರ ಒಪ್ಪಿಗೆಯೇ ಸರ್ಕಾರವೆನ್ನಲಿ, ಮಾಸ್ತರರು ಅಂಗೈಯಲ್ಲಿ ಸೀಮೆಸುಣ್ಣ ಕುಲುಕುತ್ತ, ಕೊನೆಯ ಸಾಲಿನಲ್ಲಿದ್ದ ನನ್ನತ್ತ ನೋಡಿ ಕೇಳುತ್ತಿದ್ದದ್ದು ಒಂದೇ: “ಇವನ ರಾಜ್ಯದಾಗ ಹಿಂದಿನ ಬೆಂಚಿಗೆ ಏನ್ ಸಿಗತೈತಿ?”

ಒಮ್ಮೆ ಸ್ವಾತಂತ್ರ್ಯದ ಪಾಠವನ್ನು ಮುಂದಿನ ಬೆಂಚಿನ ಹುಡುಗಿಗೆ ವಹಿಸಿ, ಬಂದು ನನ್ನ ಪಕ್ಕ ಕೂತರು. ಅವಳು ಬೋರ್ಡು ತುಂಬ ಬರೆದಳು. ಮಾಸ್ತರರು ಮುಂದಿನವರ ತಲೆಗಳಾಚೆ ನೋಡಲು ಕತ್ತು ಚಾಚಿದರು, ಪಕ್ಕಕ್ಕೆ ವಾಲಿದರು.

“ಕೆಳಗಿಂದು ಕಾಣಂಗಿಲ್ಲಲ್ಲೋ!”

“ಯಾವತ್ತೂ ಕಾಣಂಗಿಲ್ರಿ, ಸರ್.”

“ಮತ್ತ ಹೇಳಬಾರದೇನೋ?”



ಮರುದಿನ ಅವರು ಬೋರ್ಡಿನ ನಡುವೆ ಅಡ್ಡಗೆರೆ ಎಳೆದರು. ಅದರ ಕೆಳಗೆ ಮತ್ತೆಂದೂ ಬರೆಯಲಿಲ್ಲ.