ನೇಪಾಳಕ್ಕೆ ಹೊರಟ ‘ಯಾರೂ ಇಲ್ರಿ’

ನಮ್ಮ ಬೆಟಗೇರಿಯಲ್ಲಿ ನಳಕ್ಕೆ ನೀರು ಬಂದ ದಿನ ಸಾಕ್ಷಾತ್ ವೀರನಾರಾಯಣನೇ ಫೋನ್ ಮಾಡಿದರೂ ಹೆಂಗಸರು ಎತ್ತುವುದಿಲ್ಲ. (ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಅವನಿಗೂ ಗೊತ್ತು. ಸಿಟ್ಟಾಗುವುದಿಲ್ಲ.) ಮೊನ್ನೆ ನಾನು ಮಾತ್ರ ಎತ್ತಿದೆ. ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ಮೊಬೈಲು.

ಆ ಕಡೆ ಶೈಲಾ. ಮುಂಡರಗಿಯ ಕಾಲೇಜಿನಲ್ಲಿ ಕನ್ನಡ ಕಲಿಸುವಾಕೆ. ಬೇರೆ ಬೇರೆ ದೇಶದ ಹೆಣ್ಣುಮಕ್ಕಳ ಕಥೆಗಳ ಪುಸ್ತಕ ಮಾಡುತ್ತಿದ್ದಾಳೆ. ಅವರ ಕಥೆ ನಮ್ಮ ಕನ್ನಡಕ್ಕೆ, ನಮ್ಮ ಕಥೆ ಅವರ ಭಾಷೆಗೆ. ನನ್ನದೂ ಒಂದು ನೇಪಾಳಿಗೆ ಹೊರಟಿದೆ ಅಂತ ಹೋದ ತಿಂಗಳು ಇದೇ ಅಂಕಣದಲ್ಲಿ ನಿಮ್ಮ ಮುಂದೆ ಹೇಳಿ ಕುಣಿದಿದ್ದೆನಲ್ಲ? ಆಗ ನಮ್ಮ ಮನೆಯವರು ಅಂದಿದ್ದರು, “ನೀ ಶಿರಹಟ್ಟಿ ದಾಟಿ ಹೋದಾಕಿ ಅಲ್ಲ. ನಿನ್ನ ಕಥಿ ಗಡಿ ದಾಟಾಕ ಹೊಂಟೈತಿ. ವೀಸಾ ಮಾಡಿಸೀಯೇನು?”

“ನೇಪಾಳಕ್ಕ ವೀಸಾ ಬೇಕಿಲ್ರಿ,” ಅಂದಿದ್ದೆ.

ಶೈಲಾ ಅವಸರದಲ್ಲಿದ್ದಳು. “ಅಕ್ಕಾರ, ಒಂದು ತೊಡಕಾಗೇತ್ರಿ. ನಿಮ್ಮ ಕಥ್ಯಾಗ ಕೊರಿಯರ್‌ನವ ಬಂದು ‘ಮನ್ಯಾಗ ಯಾರದಾರ್ರಿ?’ ಅಂತಾನ. ಗೌರವ್ವ ಬಾಗಲಾಗ ನಿಂತು ‘ಯಾರೂ ಇಲ್ರಿ’ ಅಂತಾಳ. ಅನುವಾದ ಮಾಡೋ ಹೆಣ್ಣುಮಗಳು, ಕಾಠ್ಮಂಡು ಬಾಯಾರು, ಕೇಳ್ಯಾರ, ಅಕಿ ಅಲ್ಲೇ ಅದಾಳಲ್ಲ, ಇದು ಕೈತಪ್ಪೇನು? ಈ ಸಾಲು ತೆಗೀಲೇನು? ಸಂಜಿಗೆ ಪುಸ್ತಕ ಪ್ರಿಂಟಿಗೆ ಹೊಕ್ಕೈತ್ರಿ.”

ಖರೆ ಅಲ್ಲೇನು? ಆಳೆತ್ತರದ ಹೆಂಗಸು ಬಾಗಿಲಲ್ಲಿ ನಿಂತು ‘ಯಾರೂ ಇಲ್ಲ’ ಅನ್ನುತ್ತಾಳೆ! ಬರೆಯುವಾಗ ನನಗದು ಹೊಳೆದೇ ಇರಲಿಲ್ಲ. ಪರದೇಶದವರು ಓದಿ, ಬರೆದಾಕೆಗೆ ತಲೆ ಇಲ್ಲ ಅಂತ ನಗಬೇಕೇ? ‘ತೆಗದುಬಿಡವಾ’ ಅನ್ನಲು ಬಾಯಿ ತೆರೆದೆ.

ಕಟ್ಟೆಯ ಮೇಲೆ ಮೆಂತ್ಯಪಲ್ಲೆ ಸೋಸುತ್ತಿದ್ದ ನಮ್ಮತ್ತೆ ಎಲ್ಲ ಕೇಳಿಸಿಕೊಂಡಿದ್ದರು. (ಮೊಬೈಲು ಸ್ಪೀಕರ್‌ನಲ್ಲಿತ್ತು. ಇಲ್ಲದಿದ್ದರೂ ಕೇಳಿಸುತ್ತಿತ್ತು.)

“ಅದರಾಗ ತಪ್ಪೇನೈತವಾ? ಗಂಡಸರು ಮನ್ಯಾಗ ಇಲ್ಲಂದ್ರ ಯಾರೂ ಇಲ್ಲಂದಂಗ. ನಾ ಲಗ್ನ ಆಗಿ ಬಂದಾಗಿಂದ ಹಂಗ ಅಂತೇನಿ.”

ಪೈಪು ಕೊಡದಿಂದ ಜಾರಿ ಸೀರೆ ತೊಯ್ದಿತು.

“ಶೈಲಾ, ಸಾಲು ತೆಗೀಬ್ಯಾಡ! ಅದು ತಪ್ಪಲ್ಲ, ಅದ ನನ್ನ ಕಥಿ!” ಓಣಿಯೆಲ್ಲ ತಿರುಗಿ ನೋಡಿತು.

“ಅವರಿಗೆ ತಿಳಿಸಿ ಹೇಳ್ತೇನ್ರಿ. ಒಪ್ಪಿದ್ರ ಉಳೀತೈತಿ,” ಅಂತ ಫೋನ್ ಇಟ್ಟಳು.

ಸ್ತ್ರೀವಾದ ಅಂದರೆ ಸೆಮಿನಾರಿನ ಮಾತು, ಮುಂಜಾನೆ ಎದ್ದು ದೇವರಿಗೆ ದೀಪ ಹಚ್ಚುವ ನನ್ನಂಥವಳಿಗೆ ಅದೆಲ್ಲ ಯಾಕೆ ಅಂದುಕೊಂಡವಳು ನಾನು. ಆದರೆ ಇಷ್ಟು ವರ್ಷ ನಾನೂ ‘ಯಾರೂ ಇಲ್ರಿ’ ಅಂತಂದು, ನನ್ನ ಬಾಯಿಂದಲೇ ನನ್ನನ್ನು ಮನೆಯಿಂದ ಅಳಿಸುತ್ತ ಬಂದಿದ್ದೆನಲ್ಲ, ಅದನ್ನು ತಿಳಿಸಿದ್ದು ಯಾರು? ನನ್ನ ಕಥೆಯಲ್ಲಿ ನನಗೇ ಕಾಣದ್ದನ್ನು ಮುಖ ನೋಡದ ಒಬ್ಬ ಹೆಂಗಸು ಹಿಮಾಲಯದ ಮಡಿಲಿನಿಂದ ಬೆರಳಿಟ್ಟು ತೋರಿಸಿದಳು. ಕಥೆ ಗಡಿ ದಾಟಿ ಹೋಗುವುದು ಇದಕ್ಕೇ ಇರಬೇಕು.

ಅರ್ಧ ತಾಸಿಗೆ ಮತ್ತೆ ಫೋನ್.

“ಅಕ್ಕಾರ! ಬಾಯಾರು ಮೊದಲ ನಕ್ಕರು. ಆಮ್ಯಾಲೆ ತಮ್ಮ ಮನಿದ ನೆನಪಾತಂತ. ಇವತ್ತ ಮುಂಜಾನೆ ಗ್ಯಾಸಿನವ ಬಂದಾಗ ಅವರೂ ಹಂಗ ಅಂದಿದ್ರಂತ್ರಿ! ‘ಮನ್ಯಾಗ ಯಾರೂ ಇಲ್ಲ, ಸಂಜಿಗೆ ಬಾ’ ಅಂತ! ಸಾಲು ಉಳೀತ್ರಿ!”

ಕುಣಿಯಬೇಕೆಂದರೆ ಅಂಗಳದ ತುಂಬ ಕೊಡ. ಸಾಲು ಉಳಿಯಿತು, ನೇಪಾಳದಲ್ಲಿ ಒಬ್ಬ ಅಕ್ಕ ಸಿಕ್ಕಳು, ನಳ ಇನ್ನೂ ನಿಂತಿರಲಿಲ್ಲ. ಒಂದೇ ಮುಂಜಾನೆ ಇಷ್ಟೆಲ್ಲ ಕೊಟ್ಟ ದೇವರಿಗೆ ಇನ್ನೇನು ಬೇಡಲಿ?

ಶೈಲಾ ಫೋನ್ ಇಡಲಿಲ್ಲ. “ಇನ್ನೊಂದ್ರಿ. ಅಲ್ಲಿ ಹೆಣ್ಣುಮಕ್ಕಳಿಗೆ ಈ ಸಾಲಿಗೆ ಅಡಿಟಿಪ್ಪಣಿ ಬೇಕಾಗಿಲ್ಲಂತ. ಗಂಡಸರಿಗೆ ಬೇಕಾಗತೈತಂತ. ಒಂದ ಸಾಲು ಜಲ್ದಿ ಬರದು ಕಳಸ್ರಿ.”

ಒಳಗೆ ಹೋಗಿ ರೊಟ್ಟಿಗೆ ಎಸರಿಟ್ಟೆ. ಅದು ಕುದಿಯುವುದರೊಳಗೆ ಬರೆದು ಕಳಿಸಿ, ಹಿಟ್ಟು ನಾದಲು ಕೂತೆ:

‘ಯಾರೂ ಇಲ್ಲ’ ಅಂದರೆ, ಹೆಂಡತಿ ಮನೆಯಲ್ಲಿದ್ದಾಳೆ ಅಂತ ಅರ್ಥ.