ಬೆಂಚಿನ ಅಡಿಯ ಗುರುತು

ಮಗ ಪುತ್ತೂರಿನಿಂದ ಒಂದು ಡಬ್ಬಿ ತಂದಿದ್ದಾನೆ. ಹಳೇ ಪೈಂಟಿನ ಮೇಲೆ ಸವರಿ ಕಾಲು ಗಂಟೆ ಬಿಟ್ಟರೆ ಸಾಕಂತೆ, ಬಣ್ಣ ಸುಕ್ಕುಸುಕ್ಕಾಗಿ ಎದ್ದು ಬರುತ್ತದಂತೆ. ಮುಚ್ಚಳ ತೆಗೆದದ್ದೇ ತಡ, ಅದರ ಘಾಟು ಅಡಿಗೆಮನೆಯವರೆಗೂ ಬಂತು. ಅಂಥ ವಾಸನೆಗೆ ಬೇರೆಯವರಿಗೆ ತಲೆನೋವು ಬರುತ್ತದೆ. ನನಗೆ ಬರುವುದು ಹೆದರಿಕೆ. ಜಗಲಿಯ ಹಸಿರು ಬೆಂಚನ್ನು ಅವನು ಅಂಗಳಕ್ಕೆ ಎಳೆಯುವ ಸದ್ದು ಕೇಳಿ ಕೈಯಲ್ಲಿದ್ದ ಸೌಟು ಬಿಟ್ಟು ಓಡಿದೆ. ಈ ವಯಸ್ಸಿನಲ್ಲಿ ನನ್ನ ಓಟ ಎಂಥದ್ದೆಂದು ನೀವೇ ಅಂದಾಜು ಮಾಡಿ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮಂಡೆಕೋಲಿನಿಂದ ಪೆರಾಬೆಯ ಈ ಮನೆಗೆ ಸೊಸೆಯಾಗಿ ಬಂದೆ. ಆಗ ಇಂಥ ಡಬ್ಬಿಗಳಿರಲಿಲ್ಲ. ಸುಣ್ಣ ಮತ್ತು ಒಗೆಯುವ ಸೋಡಾ ಕಲಸಿ ಮರಕ್ಕೆ ದಪ್ಪಗೆ ಮೆತ್ತಿ, ಬಾಳೆಲೆ ಮುಚ್ಚಿಟ್ಟು, ಮರುದಿನ ಗಾಜಿನ ಚೂರಿನಿಂದ ಹೆರೆಯುವುದು. ತವರಿನಲ್ಲಿ ಆಚಾರಿ ಹಾಗೆ ಮಾಡುವುದನ್ನು ನೋಡಿದ್ದೆ. ನೋಡಿದ್ದೆಲ್ಲ ಬರುತ್ತದೆಂದು ತಿಳಿದುಕೊಳ್ಳುವ ಸ್ವಭಾವ ನನ್ನದು.

ಆ ಕಾಲದ ಒಂದು ರೂಢಿಯನ್ನು ಇಲ್ಲಿ ಹೇಳಬೇಕು. ಒಂದು ಮನೆಯ ಮದುವೆಗೆ ಹತ್ತು ಮನೆಯ ಕೊಪ್ಪರಿಗೆ, ಚಾಪೆ, ಬೆಂಚುಗಳು ಎತ್ತಿನ ಗಾಡಿಯಲ್ಲಿ ಹೋಗಿ ಬರುತ್ತಿದ್ದವು. ಅದಲುಬದಲಾಗಬಾರದೆಂದು ಪ್ರತಿಯೊಂದು ಮನೆಗೂ ಒಂದು ಗುರುತು. ನನ್ನ ತವರಿನದು ‘ಮ’ ಅಕ್ಷರ, ಅದರ ಕೆಳಗೆ ಎರಡು ಚುಕ್ಕೆ. ನಾನು ಉಂಡ ಬಟ್ಟಲಿನಲ್ಲೂ ಅದೇ ಇತ್ತು. ಒಮ್ಮೆ ಸುಳ್ಯದ ಒಂದು ಮದುವೆಗೆ ಹೋದ ನಮ್ಮ ನಾಲ್ಕು ಬೆಂಚುಗಳಲ್ಲಿ ವಾಪಸು ಬಂದದ್ದು ಮೂರೇ. ಗಾಡಿ ಹೊಡೆದವನು ಐತಪ್ಪ, ನಾವು ಹುಟ್ಟುವ ಮೊದಲಿನಿಂದ ನಮ್ಮಲ್ಲಿದ್ದವನು.

“ದಾರಿಯಲ್ಲಿ ಎಲ್ಲಿ ಇಳಿಸಿದೆ?” ಎಂದು ಅಪ್ಪ ಕೇಳಿದರು.

“ಇಳಿಸ್ಲಿಲ್ಲ ಧಣಿ. ಅಲ್ಲಿ ಇದ್ದದ್ದೇ ಮೂರು.”

ಅಪ್ಪ ನಂಬಲಿಲ್ಲ. ಐತಪ್ಪ ಕೆಲಸ ಬಿಟ್ಟ. ಬೆಂಚು ಮಾರಿದವನೆಂದು ಹೆಸರಾದ ಮೇಲೆ ಊರಲ್ಲಿ ಬೇರೆ ಯಾರೂ ಅವನ ಕೈಗೆ ಗಾಡಿ ಕೊಡಲಿಲ್ಲ. ಅಪ್ಪನಿಗೂ ಒಂದು ಚಾಳಿ ಅಂಟಿಕೊಂಡಿತು: ಯಾರ ಮನೆಯ ಬೆಂಚಿನಲ್ಲಿ ಕೂತರೂ ಬೆರಳುಗಳು ಹಲಗೆಯ ಅಡಿಗೆ ಹೋಗಿ ಗುರುತು ಹುಡುಕುತ್ತಿದ್ದವು. ನಾವು ಮಕ್ಕಳು ಅದನ್ನು ನೋಡಿ ನಗುತ್ತಿದ್ದೆವು.

ನಾನು ಬಂದ ಮರುವರ್ಷ ನನ್ನ ಮೈದುನನಿಗೆ ಹೆಣ್ಣು ಕೊಡುವವರು ಈಶ್ವರಮಂಗಲದಿಂದ ಮನೆ ನೋಡಲು ಬರುವವರಿದ್ದರು. ಸಂಬಂಧ ತಂದವರೇ ನನ್ನ ಅಪ್ಪ. ಜಗಲಿಯ ಹಸಿರು ಬೆಂಚಿನ ಬಣ್ಣ ಅಲ್ಲಲ್ಲಿ ಎದ್ದುಹೋಗಿತ್ತು. “ನಾನು ಚೆಂದ ಮಾಡ್ತೇನೆ ಅತ್ತೆ” ಎಂದೆ. ಅತ್ತೆ ಬೇರೆ ಮಾತು ತೆಗೆದರು; ಯಾಕೆಂದು ನನಗೆ ಆಗ ಹೊಳೆಯಲಿಲ್ಲ. ಬಣ್ಣವೇನೋ ಎದ್ದು ಬಂತು. ಆದರೆ ಸುಣ್ಣ ತಾಗಿದರೆ ಹಲಸಿನ ಮರ ಕೆಂಪಾಗುತ್ತದೆಂದು ಗೊತ್ತಿರಲಿಲ್ಲ. ಹಳದಿ ಹಲಗೆಯ ತುಂಬ ಕೆಂಪು ಕಲೆ! ಅಡಿಯಾದರೂ ಹೇಗಿದೆ ನೋಡೋಣವೆಂದು ಬೆಂಚು ಮಗುಚಿ, ಅಲ್ಲಿಗೂ ಸುಣ್ಣ ಮೆತ್ತಿ, ಮರುದಿನ ಹೆರೆದೆ. ದಪ್ಪ ಪೈಂಟು ತುಂಬಿ ಕೈಗೂ ಸಿಗದಂತೆ ಮುಚ್ಚಿದ್ದ ಗೀರುಗಳಲ್ಲಿ ಸುಣ್ಣ ನಿಂತು ಒಂದು ‘ಮ’, ಅದರ ಕೆಳಗೆ ಎರಡು ಚುಕ್ಕೆ ಬೆಳ್ಳಗೆ ಕಂಡವು.

ಬೆರಳಿನಿಂದ ಒರೆಸಿ ನೋಡಿದೆ, ನಮ್ಮದೇ ಗುರುತು.

ಅತ್ತೆ ಬಂದು ನೋಡಿ ಅಲ್ಲೇ ಕೂತರು. “ಸುಳ್ಯದ ಒಂದು ಮದುವೆಗೆ ನಮ್ಮ ಬೆಂಚುಗಳೂ ಹೋಗಿದ್ದವು ಮಗಾ. ಬರುವಾಗ ಗಾಡಿಯಲ್ಲಿ ಒಂದು ಹೆಚ್ಚು ಉಂಟು. ಮೊದಲು ವಿಚಾರಿಸ್ಲಿಕ್ಕೆ ಪುರುಸೊತ್ತು ಆಗ್ಲಿಲ್ಲ. ಆಮೇಲೆ ಯಾರದ್ದು ಅಂತ ಕೇಳ್ಲಿಕ್ಕೆ ನಾಚಿಕೆ ಆಯ್ತು. ಹಾಗೆ ಪೈಂಟ್ ಕೊಟ್ಟುಬಿಟ್ಟೆವು. ಎಂತ, ನಿಮ್ಮದಾ ಇದು?”

“ಹೌದು.”

“ಅಪ್ಪನಿಗೆ ಹೇಳ್ಬೇಡ. ಇದೊಂದು ಸಂಬಂಧ ಆಗ್ಲಿ.”

ಐತಪ್ಪನ ಮುಖ ಕಣ್ಣ ಮುಂದೆ ಬಂತು. ಆದರೆ ಅಪ್ಪನಿಗೆ ಹೇಳಿದರೆ ಈ ಮನೆ ಕಳ್ಳರ ಮನೆಯಾಗುತ್ತದೆ, ನಾನು ಬದುಕಬೇಕಾದದ್ದು ಇಲ್ಲಿ. ಮತ್ತೆ ಹಸಿರು ಪೈಂಟು ತರಿಸಿ ನಾನೇ ಬಳಿದೆ, ಅಡಿಗೆ ಎರಡು ಸಲ. ಎರಡು ದಿನವೂ ಮೋಡ. ಅದು ಒಣಗಲಿಲ್ಲ. ಮೇಲೆ ಚಾಪೆ ಹಾಸಿದೆ. ಉಳಿದ ಕುರ್ಚಿಗಳನ್ನೆಲ್ಲ ಮುಂದಕ್ಕೆ ತಂದು ಬೆಂಚನ್ನು ಮೂಲೆಗೆ ತಳ್ಳಿದೆ. ಕುರ್ಚಿಗಳನ್ನು ನೆಂಟರಿಗೆ ಬಿಟ್ಟುಕೊಟ್ಟು ಅಪ್ಪ ನೇರ ಮೂಲೆಗೆ ಹೋದರು.

ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಪ್ಪನ ಕೈ ಹಲಗೆಯ ಅಡಿಗೆ ಹೋಯಿತು. ಅದು ಒಂದು ಕಡೆ ನಿಂತು ಅಲ್ಲೇ ಎರಡು ಸಲ ಸವರಿತು. ಕೈ ಹೊರಗೆ ಬಂದಾಗ ಮೂರು ಬೆರಳು ಹಸಿರು. ಬೆರಳು ನೋಡಿದರು, ಆಮೇಲೆ ನನ್ನನ್ನು ನೋಡಿದರು.

“ಅಡಿ ಇನ್ನೂ ಒಣಗ್ಲಿಲ್ಲ ಮಗಾ” ಎಂದರು ಮೆಲ್ಲಗೆ. ಬೆರಳುಗಳನ್ನು ತಮ್ಮ ಬಿಳಿ ಶಾಲಿಗೆ ಒರೆಸಿಕೊಂಡು ನೆಂಟರ ಕಡೆ ತಿರುಗಿದರು. “ಮನೆಯ ಬಗ್ಗೆ ಮತ್ತೆಂತ ಕೇಳುದು ಮಾರಾಯ್ರೆ? ನನ್ನ ಮಗಳನ್ನೇ ಕೊಟ್ಟಿದ್ದೇನಲ್ಲ.”

ಸಂಬಂಧ ಆಯಿತು. ದೀಪಾವಳಿಗೆ ತವರಿಗೆ ಹೋದಾಗ ಐತಪ್ಪ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ. ಅಪ್ಪ ತಾವೇ ಅವನ ಅಂಗಳಕ್ಕೆ ಹೋಗಿ, ಬೆಂಚು ಸಿಕ್ಕಿತು, ತಪ್ಪು ನನ್ನದೇ ಎಂದು ಕರೆತಂದರಂತೆ. ಎಲ್ಲಿ ಸಿಕ್ಕಿತೆಂದು ಅಮ್ಮನಿಗೂ ಹೇಳಿರಲಿಲ್ಲ. ನನ್ನ ಜೀವಕ್ಕೆ ಸಮಾಧಾನವಾಯಿತು. ಅದು ಸಂಜೆಯವರೆಗೆ ಮಾತ್ರ. ಐತಪ್ಪ ಜಗಲಿಯ ಹತ್ತಿರ ನಿಂತು ಕೇಳಿದ: “ಬೆಂಚು ಸಿಕ್ಕಿದ್ದು ಹೌದಾ ಅಕ್ಕಾ? ಇಲ್ಲಿ ಈಗಲೂ ಮೂರೇ ಕಾಣುದು. ಧಣಿ ಪಾಪ ಕಂಡು ಕರೆದದ್ದೋ ಏನೋ.”

ನಾನು ಒಳಗೆ ಹೋದೆ. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡೆ. ಅತ್ತೆ ಮಾಡಿದ್ದೂ ಅದನ್ನೇ ಅಲ್ಲವೇ? ಐತಪ್ಪ ಹೋದ, ಅಪ್ಪ ಹೋದರು, ಅತ್ತೆಯೂ ಹೋದರು. ಬೆಂಚಿಗೆ ಆಗಾಗ ಹಸಿರು ಬಳಿಸುತ್ತ ಬಂದವಳು ನಾನೇ.

ಇವತ್ತು ಅಂಗಳ ಮುಟ್ಟುವಾಗ ಮಗ ಬೆಂಚು ಮಗುಚಿ ಮದ್ದು ಸವರಿ ಆಗಿತ್ತು. ಡಬ್ಬಿಯ ಮದ್ದು ಸುಣ್ಣಕ್ಕಿಂತ ಚುರುಕು; ನಾನು ಮೆಟ್ಟಿಲಲ್ಲಿ ಕೂತು ನೋಡುತ್ತಿದ್ದಂತೆ ಕಾಲು ಗಂಟೆಯಲ್ಲಿ ಬಣ್ಣ ಎದ್ದು ಬಂತು.

“ಅಮ್ಮಾ, ಇಲ್ಲಿ ಎಂತದೋ ಅಕ್ಷರ ಉಂಟು. ಹೆರೆದು ತೆಗಿಲಾ?”

“ಬೇಡ” ಎಂದೆ. “ಅದು ನನ್ನ ಅಪ್ಪನ ಮನೆಯ ಗುರುತು. ನಾಳೆ ಒಂದು ಪಿಕಪ್ ಹೇಳು, ನಾನೂ ಬರ್ತೇನೆ. ಮಂಡೆಕೋಲಿನಲ್ಲಿ ಐತಪ್ಪ ಅಂತ ಒಬ್ಬ ಇದ್ದ, ಅವನ ಮಗನ ಮನೆ ಉಂಟು. ಬೆಂಚನ್ನು ಅಲ್ಲಿ ಇಳಿಸ್ಬೇಕು.”